ಯಾಕೆ ಎದ್ದು ಬರಲಿಲ್ಲ?

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ನನ್ನನ್ನು ಪರಿಚಯ ಮಾಡಿಕೊಡುವಾಗ 'ಇವರು ಮನಶ್ಶಾಸ್ತ್ರ ಓದಿದವರು' ಎಂದರು. ಕೂಡಲೇ ಮುಂದಿನ ಸಾಲಿನಲ್ಲಿ ಇಬ್ಬರು ಮುಖ ಮುಖ ನೋಡಿಕೊಂಡು ನಕ್ಕರು. ನಮ್ಮ ಮನಸ್ಸಿನಲ್ಲಿರುವುದನ್ನೆಲ್ಲ ಇವಳು ಓದಿಬಿಡುತ್ತಾಳೇನೋ ಎಂಬ ಅನುಮಾನ ತಾನೇ? ಹೆದರಬೇಡಿ. ಅಂಥ ವಿದ್ಯೆಯನ್ನು ಯಾವ ವಿಶ್ವವಿದ್ಯಾನಿಲಯದಲ್ಲೂ ಕಲಿಸುವುದಿಲ್ಲ. ನನ್ನ ಒಡಹುಟ್ಟಿದ ಅಕ್ಕನ ಮನಸ್ಸಿನಲ್ಲಿ ಏನಿತ್ತು ಎಂದು ತಿಳಿಯಲು ನನಗೆ ವರ್ಷಗಳೇ ಬೇಕಾದವು. ಅದೂ ಪುಸ್ತಕದಿಂದ ತಿಳಿಯಲಿಲ್ಲ. ಇವತ್ತು ಆ ವಿಷಯವನ್ನೇ ಹೇಳುತ್ತೇನೆ, ಅವಳ ಒಪ್ಪಿಗೆ ಪಡೆದುಕೊಂಡೇ ಬಂದಿದ್ದೇನೆ.

ನಮ್ಮದು ನಂಜನಗೂಡಿನ ಕಡೆಯ ಹಳ್ಳಿ. ಅಕ್ಕನ ಮದುವೆ ಆದದ್ದು 1987ರಲ್ಲಿ. ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ. ಆದರೂ ಮಾತುಕತೆಯ ದಿನ ಆ ಕಾಯ್ದೆಯ ಹೆಸರನ್ನು ಯಾರೂ ಎತ್ತಲಿಲ್ಲ. ನಗದು, ಒಡವೆ, ಜೊತೆಗೆ ಒಂದು ಸ್ಕೂಟರ್. ಸ್ಕೂಟರನ್ನು ಫಸಲು ಬಂದ ಮೇಲೆ ಕೊಡುತ್ತೇನೆಂದು ಅಪ್ಪ ಮಾತು ಕೊಟ್ಟರು. ಆ ವರ್ಷ ಫಸಲು ಬರಲಿಲ್ಲ. ಮುಂದಿನದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. 1989ರ ಕೊನೆಗೆ ಗಂಡನ ಮನೆಯವರು ಅವಳನ್ನೂ ಎಳೆಯ ಮಗುವನ್ನೂ ಕರೆತಂದು ನಮ್ಮ ಜಗಲಿಯ ಮೇಲೆ ಕೂರಿಸಿದರು. 'ತಲೆ ಕೆಟ್ಟವಳನ್ನು ನಮಗೆ ಕಟ್ಟಿದಿರಿ' ಎಂದು ಹೇಳಿ ಹೋದರು. ಅಕ್ಕ ಮಾತಾಡುತ್ತಿರಲಿಲ್ಲ. ಊಟ ಇಟ್ಟರೆ ತಟ್ಟೆಯನ್ನೇ ನೋಡುತ್ತ ಕೂತಿರುತ್ತಿದ್ದಳು.

ನಾನಾಗ ಪಿಯುಸಿಯಲ್ಲಿದ್ದೆ. ಅಕ್ಕನ ತಲೆಯೊಳಗೆ ಏನಾಗಿದೆ ಎಂದು ತಿಳಿಯಬೇಕೆಂಬ ಒಂದೇ ಹಟದಿಂದ 1990ರಲ್ಲಿ ಮೈಸೂರಿನಲ್ಲಿ ಬಿ.ಎ. ಸೇರಿದೆ. ಮನಶ್ಶಾಸ್ತ್ರ, ಸಮಾಜಶಾಸ್ತ್ರ, ಐಚ್ಛಿಕ ಕನ್ನಡ. ಈಗ ಇಂಥ ಓದಿಗೆ ಲಿಬರಲ್ ಆರ್ಟ್ಸ್ ಎಂದು ಹೆಸರಿಟ್ಟು ಖಾಸಗಿ ವಿಶ್ವವಿದ್ಯಾನಿಲಯಗಳು ಲಕ್ಷಗಟ್ಟಲೆ ಶುಲ್ಕ ತೆಗೆದುಕೊಳ್ಳುತ್ತವೆ. ನಮ್ಮ ಕಾಲದಲ್ಲಿ ಅದು ಬರೀ ಬಿ.ಎ. 'ಏನೂ ಸಿಗದವರು ಓದುವುದು' ಎಂದು ನೆಂಟರು ಹೇಳುತ್ತಿದ್ದರು.

ಮೈಸೂರಿನಲ್ಲಿ ಮನಶ್ಶಾಸ್ತ್ರದ ಓದು ಹಳೆಯದು. ಮಹಾರಾಜ ಕಾಲೇಜಿನಲ್ಲಿ 1924ರಲ್ಲಿಯೇ ಅದರ ವಿಭಾಗ ಶುರುವಾಗಿತ್ತು. ಅದನ್ನು ಕಟ್ಟಿದ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಲ್ಲಿ ರೇಡಿಯೋ ಕೇಂದ್ರ ಶುರು ಮಾಡಿದವರು, ಆ ಕೇಂದ್ರಕ್ಕೆ 'ಆಕಾಶವಾಣಿ' ಎಂಬ ಹೆಸರು ಬಂತು. ನೀವು ಬೆಳಿಗ್ಗೆ ಪಾತ್ರೆ ತೊಳೆಯುತ್ತ ಕೇಳುವ ಹೆಸರು ಮನಶ್ಶಾಸ್ತ್ರದ ಮೇಷ್ಟರ ಮನೆಯಿಂದ ಬಂದದ್ದು! ನಮ್ಮೆಲ್ಲರ ಮೆಚ್ಚಿನ ಕಾದಂಬರಿಕಾರ್ತಿ ತ್ರಿವೇಣಿಯವರೂ ಅದೇ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದಿದವರು.

ಪಠ್ಯವೆಲ್ಲ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಿಂದ ಹೋದ ನನಗೆ ಮೊದಲ ವರ್ಷ ನಿಘಂಟು ತಿರುವುವುದರಲ್ಲೇ ಕಳೆಯಿತು. ಪ್ರಯೋಗದ ತರಗತಿ ಮಾತ್ರ ಖುಷಿ ಕೊಡುತ್ತಿತ್ತು. ಕನ್ನಡಿಯಲ್ಲಿ ಮಾತ್ರ ನೋಡುತ್ತ ಕಾಗದದ ಮೇಲಿನ ನಕ್ಷತ್ರದ ಗೆರೆಯನ್ನು ಪೆನ್ಸಿಲಿನಿಂದ ತಿದ್ದುವ ಪ್ರಯೋಗವೊಂದಿದೆ. ಕೈ ಎಲ್ಲೆಲ್ಲಿಗೋ ಓಡುತ್ತದೆ. ಹತ್ತು ಸಲ ಮಾಡಿದ ಮೇಲೆ ತಪ್ಪು ಕಡಿಮೆಯಾಗುತ್ತದೆ. ವಿಶೇಷವೇನೆಂದರೆ, ಒಂದು ಕೈ ಕಲಿತದ್ದು ಅಭ್ಯಾಸವೇ ಇಲ್ಲದ ಇನ್ನೊಂದು ಕೈಗೂ ಸ್ವಲ್ಪ ಬಂದಿರುತ್ತದೆ.

ಕೊನೆಯ ವರ್ಷ ಒಂದು ಪಾಠ ಬಂತು. ಸೆಲಿಗ್ಮನ್ ಮತ್ತು ಮೇಯರ್ ಎಂಬಿಬ್ಬರು 1967ರಲ್ಲಿ ಅಮೆರಿಕದಲ್ಲಿ ಮಾಡಿದ ಪ್ರಯೋಗ. ಕೆಲವು ನಾಯಿಗಳಿಗೆ ಕರೆಂಟಿನ ಶಾಕ್ ಕೊಟ್ಟರು. ಅವು ಏನು ಮಾಡಿದರೂ ಶಾಕ್ ನಿಲ್ಲದಂತೆ ಏರ್ಪಾಡು ಮಾಡಿದ್ದರು. ಮಾರನೆಯ ದಿನ ಬೇರೆ ಪೆಟ್ಟಿಗೆಯಲ್ಲಿ ಬಿಟ್ಟರು. ಅಲ್ಲಿ ಸಣ್ಣದೊಂದು ತಡೆಯನ್ನು ಹಾರಿದರೆ ಸಾಕು, ತಪ್ಪಿಸಿಕೊಳ್ಳಬಹುದು. ಆದರೂ ಬಹುಪಾಲು ನಾಯಿಗಳು ಹಾರಲಿಲ್ಲ, ನರಳುತ್ತ ಮಲಗಿಬಿಟ್ಟವು. ಇದಕ್ಕೆ 'ಕಲಿತ ಅಸಹಾಯಕತೆ' ಎಂದು ಹೆಸರಿಟ್ಟರು. ಲೆನೋರ್ ವಾಕರ್ ಎಂಬಾಕೆ 1979ರಲ್ಲಿ ಬರೆದ ಪುಸ್ತಕದಲ್ಲಿ, ಗಂಡನಿಂದ ಹೊಡೆತ ತಿನ್ನುವ ಹೆಂಗಸೂ ಹೀಗೆಯೇ ಅಸಹಾಯಕತೆಯನ್ನು ಕಲಿಯುತ್ತಾಳೆ, ಆದ್ದರಿಂದಲೇ ಬಿಟ್ಟು ಬರುವುದಿಲ್ಲ ಎಂದು ವಾದಿಸಿದರು.

ನನಗೆ ಸಿಕ್ಕಿತಲ್ಲ ಉತ್ತರ ಎನಿಸಿತು. ಅಷ್ಟು ಹೊತ್ತಿಗೆ ಅಕ್ಕ ಬಹಳ ಸುಧಾರಿಸಿದ್ದಳು. ವೈದ್ಯರು ಖಿನ್ನತೆ ಎಂದು ಹೇಳಿ ಮಾತ್ರೆ ಕೊಟ್ಟಿದ್ದರು, ಕೆಲವು ತಿಂಗಳಲ್ಲೇ ಮಾತು ಮರಳಿತ್ತು. ರಜೆಗೆ ಹೋದವಳು, ಅವಳು ಹುರುಳಿಕಾಳು ಹಸನು ಮಾಡುತ್ತಿದ್ದಾಗ ಪಕ್ಕದಲ್ಲಿ ಕೂತು ಪಾಠ ಒಪ್ಪಿಸಿದೆ. 'ಅದಕ್ಕೇ ಅಕ್ಕ, ನೀನು ಆ ಮನೆಯಿಂದ ಎದ್ದು ಬರಲಿಲ್ಲ' ಎಂದೆ.

ಅಕ್ಕ ಮೊರದಿಂದ ಕಣ್ಣೆತ್ತಲಿಲ್ಲ. 'ಬಂದಿದ್ನಲ್ಲ ಕಣೇ, ನಾಕು ಸಲ. ಮಡ್ಲು ತುಂಬಿ ನೀವೇ ಕಳಿಸುದ್ರಿ' ಎಂದಳು.

ನಾನು ಲೆಕ್ಕ ಹಾಕಿದೆ. ನಿಜ, ನಾಲ್ಕು ಸಲ. ಗೌರಿ ಹಬ್ಬಕ್ಕೆ ಬಂದವಳು ಹದಿನೈದು ದಿನ ಹೆಚ್ಚಿಗೆ ಉಳಿದಿದ್ದಳು. ತಲೆಗೆ ನೀರು ಹಾಕುವಾಗ ಅಮ್ಮ ಬೆನ್ನ ಮೇಲಿನ ಬಾಸುಂಡೆ ಕಂಡು ಅತ್ತು, ಆಮೇಲೆ ಕಳಿಸಿದರು. ಬಾಣಂತನ ಮುಗಿದಾಗ ಹೋಗಲಾರೆನೆಂದು ಅಪ್ಪನ ಕಾಲು ಹಿಡಿದಿದ್ದಳು. ಒಮ್ಮೆ ಮಗುವನ್ನೆತ್ತಿಕೊಂಡು ಕಡೆಯ ಬಸ್ಸಿಗೆ ಬಂದಿದ್ದಳು. ಇನ್ನೊಮ್ಮೆ, ಸಾಲ ಮಾಡಿ ಸ್ಕೂಟರ್ ಕೊಡಿಸಿದ ಮೇಲೂ ಬಂದಿದ್ದಳು. ಪ್ರತಿ ಸಲವೂ ಅರಿಶಿನ ಕುಂಕುಮ, ಅಕ್ಕಿ, ಕೊಬ್ಬರಿ, ರವಿಕೆ ಕಣ. ಬಸ್ ನಿಲ್ದಾಣದವರೆಗೆ ಚೀಲ ಹೊತ್ತುಕೊಂಡು ಹೋದವಳು ನಾನೇ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮೂರು ವರ್ಷ ನಾನು ತಪ್ಪು ಪ್ರಶ್ನೆ ಹಿಡಿದುಕೊಂಡು ಓದಿದ್ದೆ. ಸಮಾಜಶಾಸ್ತ್ರದ ತರಗತಿಯಲ್ಲಿ ಕುಟುಂಬ, ಆಸ್ತಿ, ಪಿತೃಪ್ರಧಾನ ವ್ಯವಸ್ಥೆ ಎಂದೆಲ್ಲ ಬರೆದು ಒಳ್ಳೆಯ ಅಂಕ ತೆಗೆದಿದ್ದೆ. ಅದು ನಮ್ಮ ಮನೆಯ ವಿಷಯ ಎಂದು ಹೊಳೆದಿರಲಿಲ್ಲ. ಮನಶ್ಶಾಸ್ತ್ರವನ್ನು ಒಂದನ್ನೇ ಓದಿದ್ದರೆ ಇವತ್ತಿಗೂ ಹೊಳೆಯುತ್ತಿರಲಿಲ್ಲವೇನೋ. ಅದು ಹೆಂಗಸಿನ ತಲೆಯೊಳಗೆ ಇಣುಕುತ್ತದೆ. ಅವಳು ನಿಂತ ಹೊಸ್ತಿಲ ಆಚೆ ಯಾರ್ಯಾರು ಬಾಗಿಲು ಹಾಕಿಕೊಂಡರು ಎಂದು ನೋಡಲು ಬೇರೆ ಶಾಸ್ತ್ರಗಳು ಬೇಕು.

ಮುಂದೆ ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುವಾಗ, ವಾಕರ್ ಅವರ ವಾದವನ್ನು ಬೇರೆಯವರೂ ಪ್ರಶ್ನಿಸಿದ್ದಾರೆಂದು ತಿಳಿಯಿತು. ಗಾಂಡಾಲ್ಫ್ ಮತ್ತು ಫಿಶರ್ ಎಂಬವರು 1988ರಲ್ಲಿ ಬರೆದ ಪುಸ್ತಕದ ಸಾರ ಇದು: ಹೊಡೆತ ಹೆಚ್ಚಾದಂತೆ ಹೆಂಗಸರು ಸುಮ್ಮನಾಗುವುದಿಲ್ಲ, ಮತ್ತಷ್ಟು ಕಡೆ ಸಹಾಯ ಕೇಳುತ್ತಾರೆ. ಸಹಾಯ ಮಾಡಬೇಕಾದವರೇ ಕೈಕಟ್ಟಿ ಕೂತಿರುತ್ತಾರೆ. ಇದನ್ನೇ ಅಕ್ಕ ಮೊರದ ಮುಂದೆ ಕೂತು ಹೇಳಿದ್ದಳು.

ಇನ್ನೂ ಒಂದು ಸಂಗತಿ ಇದೆ. ನಾಯಿಗಳ ಪ್ರಯೋಗ ಮಾಡಿದ ಅದೇ ಇಬ್ಬರು ಸುಮಾರು ಐವತ್ತು ವರ್ಷಗಳ ಮೇಲೆ, 2016ರಲ್ಲಿ, ಮೆದುಳಿನ ಅಧ್ಯಯನಗಳನ್ನು ನೋಡಿ ತಮ್ಮ ಮಾತನ್ನೇ ತಿದ್ದಿಕೊಂಡರು. ಅಸಹಾಯಕತೆ ಕಲಿತದ್ದಲ್ಲ, ಬಹಳ ಹೊತ್ತು ನೋವು ತಿಂದ ಪ್ರಾಣಿ ಕುಸಿಯುವುದು ಸಹಜ. ಕಲಿಯಬೇಕಾದದ್ದು 'ಇದು ನನ್ನ ಹಿಡಿತಕ್ಕೆ ಬರುತ್ತದೆ' ಎಂಬುದನ್ನು. ಹಾರದೆ ಮಲಗಿದ್ದ ನಾಯಿಗಳಿಗೂ ಆಗ ಹಾಗೆಯೇ ಕಲಿಸಿದ್ದರು, ಹಗ್ಗ ಹಿಡಿದು ತಡೆಯ ಆಚೆಗೆ ಎಳೆದು. ಒಂದೆರಡು ಸಲ ಎಳೆದರೆ ಸಾಲಲಿಲ್ಲ, ಹಲವಾರು ಸಲ ಎಳೆಯಬೇಕಾಯಿತು. ನಾವು ಅಕ್ಕನನ್ನು ನಾಲ್ಕು ಸಲ ಒಳಕ್ಕೆ ತಳ್ಳಿದ್ದೆವು.

ಇನ್ನು 'ಹುಚ್ಚಿ' ಎಂಬ ಮಾತು. ತ್ರಿವೇಣಿಯವರ 'ಶರಪಂಜರ' ಓದದವರೂ 1971ರ ಪುಟ್ಟಣ್ಣ ಕಣಗಾಲರ ಸಿನಿಮಾ ನೋಡಿರುತ್ತೀರಿ, ಕಲ್ಪನಾ ಕಾವೇರಿಯಾಗಿ ನಟಿಸಿದ್ದು. ಕಾವೇರಿಯ ಕಾಯಿಲೆ ವಾಸಿಯಾಗಿತ್ತು, ವಾಸಿಯಾಗದೆ ಉಳಿದದ್ದು ಮನೆಯವರ, ನೆರೆಯವರ ನೋಟ. ಅಕ್ಕನ ಗಂಡನ ಕಡೆಯವರು ವೈದ್ಯರ ಚೀಟಿಯನ್ನೇ ಹಿಡಿದು ವಿಚ್ಛೇದನಕ್ಕೆ ಓಡಾಡಿದರು. ನಮಗೆ ಆಗ ಗೊತ್ತಿರಲಿಲ್ಲ, ನಿಮಗೆ ಗೊತ್ತಿರಲಿ. ಖಿನ್ನತೆಗೆ ಮಾತ್ರೆ ನುಂಗಿದಳೆಂಬುದಷ್ಟೇ ಹಿಂದೂ ವಿವಾಹ ಕಾಯ್ದೆಯಡಿ ವಿಚ್ಛೇದನಕ್ಕೆ ಸಾಲುವುದಿಲ್ಲ. ಕಾಯಿಲೆ ಇದೆ ಎಂದ ಮಾತ್ರಕ್ಕೆ ಬುದ್ಧಿ ಸ್ವಾಧೀನದಲ್ಲಿಲ್ಲ ಎಂದಾಗದು, ಅದನ್ನು ನ್ಯಾಯಾಲಯ ಹೇಳಬೇಕು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಸ್ಪಷ್ಟಪಡಿಸಿದೆ. ಹೆಂಡತಿಯ ಮಾನಸಿಕ ಆರೋಗ್ಯ ಕೆಡಿಸುವುದೂ ಕ್ರೌರ್ಯವೇ ಎಂದು 1983ರಲ್ಲಿ ಬಂದ 498ಎ ಕಲಮು ಹೇಳಿತ್ತು. 2024ರ ಜುಲೈಯಿಂದ ಅದು ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಾಗಿದೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಬೈಗುಳ, ಹಂಗಿಸುವುದು, ಖರ್ಚಿಗೆ ದುಡ್ಡು ಕೊಡದಿರುವುದು ಎಲ್ಲವೂ ಸೇರಿವೆ. ಮನಸ್ಸಿಗೆ ತೀರಾ ಕಷ್ಟವಾದರೆ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಮಹಿಳಾ ಸಹಾಯವಾಣಿ 181.

ಮಗಳು ಮನಶ್ಶಾಸ್ತ್ರ ಓದುತ್ತೇನೆ ಅನ್ನುತ್ತಾಳೆ, ಕೆಲಸ ಸಿಗುತ್ತದೆಯೇ ಎಂದು ಊಟದ ಹೊತ್ತಿನಲ್ಲಿ ಒಬ್ಬರು ಕೇಳಿದರು. ಬಿ.ಎ. ಮಾತ್ರದಿಂದ ಚಿಕಿತ್ಸೆ ಕೊಡುವ ಅರ್ಹತೆ ಬರುವುದಿಲ್ಲ. ಎಂ.ಎ. ಬೇಕು, ಅದರ ಮೇಲೆ ಆಸ್ಪತ್ರೆಯಲ್ಲಿ ತರಬೇತಿ ಬೇಕು, ವರ್ಷಗಳು ಹಿಡಿಯುತ್ತವೆ. ಅವಳ ಮದುವೆಗೆಂದು ಸಂಘದಲ್ಲಿ ಸಾಲ ಎತ್ತುವ ಯೋಚನೆ ಇದೆ ಎಂದೂ ಅದೇ ತಾಯಿ ಹೇಳಿದರು. ಎರಡಕ್ಕೂ ದುಡ್ಡು ಬೇಕು, ಯಾವುದಕ್ಕೆ ಎಂದು ನೀವೇ ಮಗಳ ಜೊತೆ ಕೂತು ಮಾತಾಡಿ ಎಂದೆ. ಜೊತೆಗೆ ಸಮಾಜಶಾಸ್ತ್ರವನ್ನೋ ಅರ್ಥಶಾಸ್ತ್ರವನ್ನೋ ತೆಗೆದುಕೊಳ್ಳಲಿ ಎಂದೂ ಹೇಳಿದೆ.

ಅಕ್ಕ ಈಗ ನಮ್ಮೂರಿನ ಸಂಘದ ಪುಸ್ತಕ ಬರೆಯುತ್ತಾಳೆ. ಮೊದಮೊದಲು ಬ್ಯಾಂಕಿನಲ್ಲಿ ಚಲನ್ ತುಂಬಲು ಕೈ ನಡುಗುತ್ತಿತ್ತು. ಕಳೆದ ವರ್ಷ ಪಕ್ಕದ ಬೀದಿಯ ಹುಡುಗಿಯೊಬ್ಬಳು ಮಗುವಿನೊಂದಿಗೆ ತವರಿಗೆ ಬಂದಳು. ಮನೆಯವರು ಮಡಿಲಕ್ಕಿಗೆ ಹೊಂದಿಸುತ್ತಿದ್ದಾರೆಂದು ಗೊತ್ತಾಗಿ ಅಕ್ಕ ಹೋದಳು. ಏನಾಯಿತು, ಯಾಕೆ ಎಂದು ಕೇಳಲಿಲ್ಲವಂತೆ. ಊಟ ಆಯ್ತಾ ಎಂದು ಕೇಳಿದಳು. ಆಧಾರ್, ಪಾಸ್‌ಬುಕ್, ಮಗುವಿನ ಜನನ ಪತ್ರ, ಒಡವೆಯ ರಸೀದಿ ತಂದಿದ್ದೀಯಾ ಎಂದು ಕೇಳಿದಳು. ಮರುದಿನ ಸಂಘದ ನಾಲ್ವರು ಹುಡುಗಿಯ ಜೊತೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿಗೆ ಹೋದರು. ನಮ್ಮ ರಾಜ್ಯದಲ್ಲಿ 2005ರ ಕಾಯ್ದೆಯ ಸಂರಕ್ಷಣಾಧಿಕಾರಿ ಅವರೇ. ಅರ್ಜಿಯನ್ನು ಬರೆದವಳು ಅಕ್ಕ.