ಹೆಸರು ಸಿಕ್ಕರೆ ಸಾಕೇ? ಕಲಿಕೆಯ ತೊಂದರೆಗಳನ್ನು ನೋಡುವ ಹೊಸ ಬಗೆ

ಓದಿನಲ್ಲಿ ಹಿಂದೆ ಬಿದ್ದ ಮಗುವನ್ನು ಕರೆತರುವ ಅಪ್ಪ-ಅಮ್ಮ ನಮ್ಮನ್ನು ಮೊದಲು ಕೇಳೋದು, "ಇದಕ್ಕೆ ಏನಂತಾರೆ ಮೇಡಂ?" ಡಿಸ್ಲೆಕ್ಸಿಯಾನಾ, ಎಡಿಎಚ್‌ಡಿನಾ, ಆಟಿಸಮ್ಮಾ? ಹೆಸರು ಸಿಕ್ಕರೆ ದಾರಿಯೂ ಸಿಕ್ಕಿದ ಹಾಗೆ ಅನ್ನೋ ನಂಬಿಕೆ. ಬಹಳ ಕಾಲ ಸಂಶೋಧನೆಯೂ ಹಾಗೇ ನಡೆಯಿತು.

ಹಳೆಯ ಕ್ರಮ ಹೀಗಿತ್ತು: ಡಿಸ್ಲೆಕ್ಸಿಯಾ ಇರುವ ಒಂದಷ್ಟು ಮಕ್ಕಳು, ಇಲ್ಲದ ಒಂದಷ್ಟು ಮಕ್ಕಳು, ಎರಡು ಗುಂಪುಗಳನ್ನು ಹೋಲಿಸೋದು. ಓದಿನ ಜೊತೆ ಗಮನದ ತೊಂದರೆಯೂ ಇರುವ ಮಗುವನ್ನು ಎಷ್ಟೋ ಅಧ್ಯಯನಗಳು ಕೈಬಿಡುತ್ತಿದ್ದವು. ಆದರೆ ತರಗತಿಯಲ್ಲಿ ಒಂದೇ ಮಗುವಿಗೆ ಎರಡು ಮೂರು ತೊಂದರೆ ಬೆರೆತಿರೋದು ಅಪರೂಪವೇನಲ್ಲ.

ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಡಂಕನ್ ಆಸ್ಟಲ್, ಜೋನಿ ಹೋಮ್ಸ್ ಮತ್ತು ಸಂಗಡಿಗರು ಬೇರೆ ದಾರಿ ಹಿಡಿದರು. ಕಾಯಿಲೆಯ ಹೆಸರು ಇರಲಿ, ಇಲ್ಲದಿರಲಿ, ಕಲಿಯಲು ಕಷ್ಟಪಡುತ್ತಿದ್ದಾರೆಂದು ಶಿಕ್ಷಕರು, ವೈದ್ಯರು ಕಳಿಸಿದ ಐನೂರಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷಿಸಿದರು. ನೆನಪು, ತರ್ಕ, ಪದಸಂಪತ್ತು ಇತ್ಯಾದಿಗಳ ಅಂಕಗಳನ್ನಷ್ಟೇ ಕಂಪ್ಯೂಟರಿಗೆ ಕೊಟ್ಟು ಗುಂಪು ಮಾಡಿಸಿದರು. 2018ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ನಾಲ್ಕು ಗುಂಪುಗಳಿದ್ದವು. ಒಂದರಲ್ಲಿ ಎಲ್ಲ ಸಾಮರ್ಥ್ಯಗಳೂ ಕಡಿಮೆ. ಇನ್ನೊಂದರಲ್ಲಿ ಕಷ್ಟ ವರ್ಕಿಂಗ್ ಮೆಮೊರಿಯದು, ಅಂದರೆ ಹೇಳಿದ್ದನ್ನು ತಲೆಯಲ್ಲಿಟ್ಟುಕೊಂಡೇ ಕೆಲಸ ಮಾಡೋ ಶಕ್ತಿಯದು. ಮತ್ತೊಂದರಲ್ಲಿ ಪದದೊಳಗಿನ ಧ್ವನಿಗಳನ್ನು ಬಿಡಿಸೋದೇ ಕಷ್ಟ. ನಾಲ್ಕನೆಯ ಗುಂಪಿನ ಅಂಕಗಳು ವಯಸ್ಸಿಗೆ ತಕ್ಕಂತೆಯೇ ಇದ್ದವು. ಮಕ್ಕಳಿಗೆ ಮೊದಲೇ ಹಚ್ಚಿದ್ದ ಹಣೆಪಟ್ಟಿಗೂ ಈ ಗುಂಪುಗಳಿಗೂ ತಾಳೆಯಾಗಲಿಲ್ಲ!

2020ರಲ್ಲಿ 479 ಮಕ್ಕಳ ಮೆದುಳಿನ ಅಧ್ಯಯನ ಬಂತು. ಈ ತೊಂದರೆಗೆ ಮೆದುಳಿನ ಈ ಜಾಗವೇ ಕಾರಣ ಅನ್ನೋ ಸರಳ ಉತ್ತರ ಸಿಗಲಿಲ್ಲ. ಮೆದುಳಿನಲ್ಲೂ ಹುಬ್ಬಳ್ಳಿ, ಅರಸೀಕೆರೆಯಂಥ ಜಂಕ್ಷನ್‌ಗಳಿವೆ ಅಂದುಕೊಳ್ಳಿ. ಅಲ್ಲಿನ ಸಂಪರ್ಕ ಚೆನ್ನಾಗಿದ್ದ ಮಕ್ಕಳಲ್ಲಿ ತೊಂದರೆ ಒಂದೆರಡು ವಿಷಯಕ್ಕೆ ಸೀಮಿತ, ಇಲ್ಲವೇ ತೊಂದರೆಯೇ ಇಲ್ಲ. ಸಂಪರ್ಕ ದುರ್ಬಲವಾಗಿದ್ದವರಲ್ಲಿ ತೊಂದರೆ ಹಲವು ಕಡೆ ಹರಡಿತ್ತು.

ಹಾಗಾದ್ರೆ ಹೆಸರೇ ಬೇಡವಾ? ಬೇಕು. ನಮ್ಮ ದೇಶದಲ್ಲಿ ಕಾನೂನಿನ ಸೌಲಭ್ಯಕ್ಕೆ ಹೆಸರೇ ಬಾಗಿಲು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆ ಇದೆ, ಆಟಿಸಂ ಇದೆ, ಎಡಿಎಚ್‌ಡಿ ಹೆಸರಿಲ್ಲ. ಪಟ್ಟಿಯಲ್ಲಿ ಹೆಸರಿಲ್ಲದ ಮಾತ್ರಕ್ಕೆ ಮಗುವಿನ ಕಷ್ಟ ಕಡಿಮೆಯಾಗೋದಿಲ್ಲವಲ್ಲ!

ಪ್ರಮಾಣಪತ್ರ ಬಂದರೂ, ನಾಳೆ ತರಗತಿಯಲ್ಲಿ ಏನು ಮಾಡಬೇಕು ಅನ್ನೋದನ್ನ ಅದು ಹೇಳೋದಿಲ್ಲ. ವರ್ಕಿಂಗ್ ಮೆಮೊರಿ ಕಡಿಮೆ ಇರುವ ಮಗುವಿಗೆ ಒಂದೇ ಉಸಿರಿಗೆ ಮೂರು ಸೂಚನೆ ಕೊಡಬೇಡಿ. ಒಂದೊಂದಾಗಿ ಹೇಳಿ, ಬೋರ್ಡಿನ ಮೇಲೆ ಬರೆದಿಡಿ. ಧ್ವನಿ ಬಿಡಿಸಲು ಕಷ್ಟಪಡುವ ಮಗುವಿಗೆ ಒತ್ತಕ್ಷರಗಳನ್ನು ಬಿಡಿಸಿ, ಕೂಡಿಸಿ, ನಿಧಾನವಾಗಿ ಹೇಳಿಕೊಡಿ. ಇದಕ್ಕೆ ಯಾವ ಸರ್ಟಿಫಿಕೇಟೂ ಬೇಕಿಲ್ಲ.

ಅದಕ್ಕೇ ಪೋಷಕರಲ್ಲಿ ನನ್ನದೊಂದು ಮನವಿ. ವರದಿ ಕೈಗೆ ಬಂದಾಗ ಹೆಸರನ್ನಷ್ಟೇ ಓದಿ ಮಡಚಿಡಬೇಡಿ. ನನ್ನ ಮಗುವಿಗೆ ಯಾವುದು ಸುಲಭ, ಯಾವುದು ಕಷ್ಟ, ಎಲ್ಲಿಂದ ಶುರು ಮಾಡೋಣ ಅಂತ ಕೇಳಿ. ಉತ್ತರ ಸಿಗೋವರೆಗೂ ಕುರ್ಚಿ ಬಿಟ್ಟು ಏಳಬೇಡಿ.