ಬ್ಯಾರಲ್ಲಿನ ಹುಳು, ಗಟಾರದ ಹುಳು



ಕಲಘಟಗಿ ತಾಲೂಕಿನ ಮಿಶ್ರಿಕೋಟಿಯಂಥ ಊರಲ್ಲಿ ಸೊಳ್ಳೆಗೆ ಎರಡು ಬಗೆಯ ನೀರು ಸಿಗುತ್ತದೆ. ನಳ ಬಂದಾಗ ಬ್ಯಾರಲ್ಲಿಗೆ ತುಂಬಿಟ್ಟ ತಿಳಿನೀರು ಒಂದು, ಓಣಿಯ ಗಟಾರದ ಕೊಳೆನೀರು ಇನ್ನೊಂದು. ತಿಳಿನೀರಲ್ಲಿ ಬೆಳೆಯುವುದು ಡೆಂಗಿ ಹರಡುವ ಈಡಿಸ್. ಗಟಾರದ ಒಡತಿ ಕ್ಯೂಲೆಕ್ಸ್. ಎರಡರ ಮರಿಹುಳುಗಳಿಗೂ ಒಂದೇ ಮದ್ದು ಸಾಕೇ?

ನಮ್ಮ ಹತ್ತಿ ಬೆಳೆಗಾರರಿಗೆ ಬಿಟಿ ಗೊತ್ತು. ಅದು ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾ. ಕಾಯಿಕೊರಕವನ್ನು ಕೊಲ್ಲುವ ಅದರ ಜೀನನ್ನೇ ಹತ್ತಿಗೆ ಸೇರಿಸಿದ್ದು. ಅದೇ ಕುಲದ ಇನ್ನೊಂದು ತಳಿ 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ಸಿಕ್ಕಿತು. ಅದೇ ಬಿಟಿಐ, ಸೊಳ್ಳೆಮರಿಗಳ ವೈರಿ.

ಬಿಟಿಐ ಬೀಜಕ ಕಟ್ಟುವಾಗ ಜೊತೆಗೊಂದು ಪ್ರೋಟೀನಿನ ಹರಳನ್ನೂ ಕಟ್ಟುತ್ತದೆ. ನೀರು ಸೋಸಿ ತಿನ್ನುವ ಮರಿಹುಳು ಅದನ್ನೂ ನುಂಗುತ್ತದೆ. ಹುಳುವಿನ ಕರುಳಲ್ಲಿ ಕ್ಷಾರ ಹೆಚ್ಚು. ಹರಳು ಅಲ್ಲಿ ಕರಗಿ, ಜೀರ್ಣರಸದಿಂದ ತುಂಡಾಗಿ, ಕರುಳಿನ ಗೋಡೆಯಲ್ಲಿ ತನಗೆ ಹೊಂದುವ ಅಣುವನ್ನು ಹಿಡಿದುಕೊಂಡು ತೂತು ಕೊರೆಯುತ್ತದೆ. ಕೀಲಿಕೈ ಬೀಗಕ್ಕೆ ಕೂತಂತೆ. ಮನುಷ್ಯನ ಹೊಟ್ಟೆಯಲ್ಲಿ ಆಮ್ಲವಿದೆ, ಆ ಬೀಗವೂ ಇಲ್ಲ.

ಈ ಹರಳಲ್ಲಿ ಮುಖ್ಯವಾದ ವಿಷಗಳು ನಾಲ್ಕು. ಅವುಗಳಲ್ಲಿ ಕ್ರೈ4ಬಿಎ ಎಂಬುದು ಈಡಿಸನ್ನು ಕೊಲ್ಲುತ್ತದೆ, ಕ್ಯೂಲೆಕ್ಸಿಗೆ ಮಾತ್ರ ಅಷ್ಟಾಗಿ ನಾಟದು. ಅಂದರೆ ಬ್ಯಾರಲ್ಲಿನಲ್ಲಿ ಗೆದ್ದು ಗಟಾರದಲ್ಲಿ ಸೋಲುವ ವಿಷ. ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಡೀನ್ ಅವರ ತಂಡ ಇದರ ಮೇಲ್ಮೈಯ ಒಂದು ಪುಟ್ಟ ಕುಣಿಕೆಯಲ್ಲಿ ಕೆಲವೇ ಅಮೈನೋ ಆಮ್ಲಗಳನ್ನು ಬದಲಿಸಿತು. 2003ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಕ್ಯೂಲೆಕ್ಸ್ ಮೇಲೆ ಅದರ ಬಲ ನೂರಾರು ಪಟ್ಟು ಏರಿತ್ತು. ಪ್ರೋಟೀನಿನ ಉಳಿದ ಮೈಯನ್ನು ಮುಟ್ಟಿರಲಿಲ್ಲ. ನನ್ನ ಮಟ್ಟಿಗೆ ಈ ಕ್ಷೇತ್ರದ ಅತ್ಯಂತ ಚಂದದ ಕೆಲಸ ಇದು.

ಆದರೆ ಬಲ ಹೆಚ್ಚಿಸಿದ ಮಾತ್ರಕ್ಕೆ ಮುಗಿಯಲಿಲ್ಲ; ಹುಳು ಮದ್ದಿಗೆ ಒಗ್ಗಿಹೋಗಲೂಬಹುದು. ಸೊಳ್ಳೆಮರಿಗಳನ್ನು ಕೊಲ್ಲುವ ಬ್ಯಾಸಿಲಸ್ ಸ್ಫೇರಿಕಸ್ ಎಂಬ ಮತ್ತೊಂದು ಬ್ಯಾಕ್ಟೀರಿಯಾ ಕೊಳೆನೀರಿನಲ್ಲೂ ಚೆನ್ನಾಗಿ ಬಾಳಿಕೆ ಬರುತ್ತದೆ. ಕೇರಳದ ಕೊಚ್ಚಿಯಲ್ಲಿ ಅದನ್ನು ಸಿಂಪಡಿಸಿದರು. 1990ರ ದಶಕದಲ್ಲೇ ಅಲ್ಲಿನ ಕ್ಯೂಲೆಕ್ಸ್ ಅದನ್ನು ಅರಗಿಸಿಕೊಂಡಿತು. ಕಾರಣ ಸರಳ: ಅದರ ಮುಖ್ಯ ವಿಷ ಹಿಡಿಯುವುದು ಒಂದೇ ಅಣುವನ್ನು. ಹುಳು ಆ ಒಂದನ್ನು ಬದಲಿಸಿಕೊಂಡರೆ ಸಾಕು.

ಬಿಟಿಐ ಹಾಗೆ ಸುಲಭಕ್ಕೆ ಸೋಲುವುದಿಲ್ಲ. ಅದರ ನಾಲ್ಕನೆಯ ವಿಷ ಸೈಟ್1ಎಎ ತಾನೇ ದುರ್ಬಲ. ಆದರೆ ನೇರವಾಗಿ ಕರುಳಿನ ಕೋಶದ ಕೊಬ್ಬಿನ ಪೊರೆಗೇ ಅಂಟಿಕೊಂಡು, ಕ್ರೈ11ಎಎ ಎಂಬ ಜೊತೆಗಾರನಿಗೆ ಹಿಡಿಯಲು ಜಾಗ ಮಾಡಿಕೊಡುತ್ತದೆ. ಇದು ಮೆಕ್ಸಿಕೋದ ವಿಜ್ಞಾನಿಗಳು 2005ರಲ್ಲಿ ತೋರಿಸಿದ ಸಂಗತಿ. ಕ್ಯಾಲಿಫೋರ್ನಿಯಾದಲ್ಲಿ ಬ್ರಯಾನ್ ಫೆಡೆರಿಚಿ ಅವರ ತಂಡ ಈ ಗುಣವನ್ನೇ ನಂಬಿ, ಸ್ಫೇರಿಕಸ್ ವಿಷವನ್ನೂ ಬಿಟಿಐ ವಿಷಗಳನ್ನೂ ಒಂದೇ ಬ್ಯಾಕ್ಟೀರಿಯಾದಲ್ಲಿ ಕೂಡಿಸಿತು.

ಇನ್ನುಳಿದದ್ದು ಬಿಸಿಲು ಮತ್ತು ಕೆಸರು. ಹರಳು ತಳಕ್ಕಿಳಿಯುತ್ತದೆ, ಬಿಸಿಲಿಗೆ ಕೆಡುತ್ತದೆ. ಅದಕ್ಕೆಂದೇ ಇಸ್ರೇಲಿನವರು ಬಿಟಿಐ ವಿಷಗಳ ಜೀನುಗಳನ್ನು ಅನಬೀನಾ ಎಂಬ ನೀಲಿಹಸಿರು ಪಾಚಿಗೆ ಸೇರಿಸಿ ನೋಡಿದರು; ಮರಿಹುಳುಗಳಿಗೆ ಅದು ಆಹಾರವೂ ಹೌದು. ಕುಡಿಯುವ ಬ್ಯಾರಲ್ಲಿಗೆ ಅಂಥ ಪಾಚಿಯನ್ನು ಯಾವ ಮನೆಯವರೂ ಬಿಟ್ಟುಕೊಳ್ಳಲಿಕ್ಕಿಲ್ಲ. ಗಟಾರಕ್ಕೆ ಬಿಡುವುದಾದರೂ, ಜೀನು ಬದಲಿಸಿದ ಜೀವಿಯಾದ್ದರಿಂದ, ಮೊದಲು ಕೇಂದ್ರ ಪರಿಸರ ಸಚಿವಾಲಯದ ಜೆನೆಟಿಕ್ ಎಂಜಿನಿಯರಿಂಗ್ ಸಮಿತಿಯ ಮುಂದೆ ಅರ್ಜಿ ಇಡಬೇಕು.