ಮಾಜಿ ಸೈನಿಕರ ಚೀಟಿ ಅಡವಿಗೆ ಇಡುವ ವಸ್ತುವಲ್ಲ
(ರೈತರ ಸಭೆಯಲ್ಲಿ ಮಾಡಿದ ಭಾಷಣ)



ಗೂಡಿನ ಧಾರಣೆ, ಟೊಮೇಟೊ ಧಾರಣೆ ಮಾತಾಡೋಕೆ ಮುಂಚೆ ಇನ್ನೊಂದು ವಿಚಾರ ನಿಮ್ಮ ಮುಂದೆ ಇಡುತ್ತೇನೆ. ಈ ಸ್ಕಂದಗಿರಿಯ ಸುತ್ತ, ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಹಳ್ಳಿಗಳಲ್ಲಿ ವರ್ಷಪೂರ್ತಿ ಹರಿಯುವ ನದಿಯಿಲ್ಲ. ಕೆರೆ ತುಂಬಿದರೆ ಬೆಳೆ, ಇಲ್ಲದಿದ್ದರೆ ಬೋರ್‌ವೆಲ್ ಸಾಲ. ಇಂಥ ನೆಲದಲ್ಲಿ ಒಬ್ಬ ಮಗ ಹೊಲ ನೋಡಿಕೊಂಡ, ಇನ್ನೊಬ್ಬ ಮಗ ಮಿಲಿಟರಿಗೆ ಹೋದ. ಅವನ ಪೆನ್ಷನ್ನೇ ಎಷ್ಟೋ ಮನೆಗಳಲ್ಲಿ ಬಿತ್ತನೆ ಬೀಜ, ಗೊಬ್ಬರ.

ಆ ಮಗ ಸೈನಿಕ ಅಂತ ಹೇಳುವುದಕ್ಕೆ ಊರಿಗೆಲ್ಲ ಗೊತ್ತಿದ್ದರೆ ಸಾಲದು, ಕಾಗದ ಬೇಕು. ಮಾಜಿ ಸೈನಿಕರ ಗುರುತಿನ ಚೀಟಿ ಕೊಡುವುದು ಜಿಲ್ಲಾ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿ. ಡಿಸ್ಚಾರ್ಜ್ ಬುಕ್, ಪೆನ್ಷನ್ ಆದೇಶ ನೋಡಿ ಕೊಡುತ್ತಾರೆ. ಸೈನಿಕ ತೀರಿಕೊಂಡರೆ ಅವನ ಹೆಂಡತಿಗೂ ಚೀಟಿ ಉಂಟು. ಕ್ಯಾಂಟೀನ್ ಕಾರ್ಡು ಬೇರೆ, 2003ರಲ್ಲಿ ಶುರುವಾದ ಆಸ್ಪತ್ರೆ ಯೋಜನೆಯ ಕಾರ್ಡು ಬೇರೆ. ಒಂದಿದ್ದರೆ ಇನ್ನೊಂದು ಬೇಡ ಅಂದುಕೊಳ್ಳಬೇಡಿ.

ಇದರಿಂದ ರೈತನಿಗೇನು ಅಂತೀರಾ? 1969ರ ಭೂ ಮಂಜೂರಾತಿ ನಿಯಮದಲ್ಲಿ ಸೈನಿಕರಿಗೂ ಮಾಜಿ ಸೈನಿಕರಿಗೂ ನೂರಕ್ಕೆ 10ರಷ್ಟು ಪಾಲು ಇಟ್ಟಿದ್ದಾರೆ. ಭೂಸುಧಾರಣೆ ಕಾಯಿದೆ ಗೇಣಿಗೆ ಕೊಡಕೂಡದು ಎಂದಿತು, ಆದರೆ ಸೈನಿಕನಿಗೆ ವಿನಾಯಿತಿ ಕೊಟ್ಟಿತು. ಗಡಿಯಲ್ಲಿ ನಿಂತವನು ನೇಗಿಲು ಹಿಡಿಯೋಕೆ ಆಗೋದಿಲ್ಲವಲ್ಲ! ಕಾಯಿದೆಯಲ್ಲಿ ಬರೆದಿರುವುದು ನಿಮ್ಮ ಕೈಗೆ ಬರಬೇಕಾದರೆ ದಾಖಲೆ ಸರಿಯಿರಬೇಕು.

ತೊಡಕು ಇಲ್ಲೇ ಇದೆ. ಪಹಣಿಯಲ್ಲಿ ಮುನಿಶಾಮಪ್ಪ, ಡಿಸ್ಚಾರ್ಜ್ ಬುಕ್ಕಿನಲ್ಲಿ ಮುನಿಸ್ವಾಮಿ. ಹೆಂಡತಿಯನ್ನು ಊರು ಕರೆಯುವುದು ಲಕ್ಷ್ಮಮ್ಮ, ಆಧಾರ್‌ನಲ್ಲಿ ಲಕ್ಷ್ಮೀದೇವಿ, ಸೈನ್ಯದ ದಾಖಲೆಯಲ್ಲಿ ಹೆಸರೇ ಇಲ್ಲ. ಗಂಡ ಬದುಕಿರುವಾಗ ಯಾರೂ ಕೇಳೋದಿಲ್ಲ. ಅವನು ಹೋದ ಮೇಲೆ ಆ ತಾಯಿ ಕಚೇರಿಯಿಂದ ಕಚೇರಿಗೆ ಅಲೆಯಬೇಕು. ಅಷ್ಟರಲ್ಲಿ ಸಾಲದ ಬಡ್ಡಿ ನಿಲ್ಲುತ್ತದೆಯೇ? ಆದ್ದರಿಂದ ಹೆಂಡತಿ ಮಕ್ಕಳ ಹೆಸರನ್ನು ಅವನ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಬರೆದು ಈಗಲೇ ಸೇರಿಸಿ. ಮದ್ರಾಸ್ ಸ್ಯಾಪರ್ಸ್‌ನವರ ರೆಕಾರ್ಡ್ ಆಫೀಸು ಬೆಂಗಳೂರಿನಲ್ಲೇ ಇದೆ, ದೂರವೇನಲ್ಲ.

ಇನ್ನು ಮುಖ್ಯ ಮಾತು. ಮಳೆ ಕೈಕೊಟ್ಟಾಗ ಪಾಸ್‌ಬುಕ್ಕು, ಪೆನ್ಷನ್ ಕಾಗದ, ಗುರುತಿನ ಚೀಟಿಯನ್ನೇ ಸಾಹುಕಾರನ ಕೈಗೆ ಕೊಟ್ಟು ದುಡ್ಡು ತರುವವರಿದ್ದಾರೆ. ಹಾಗೆ ಮಾಡಬೇಡಿ. 1871ರ ಪೆನ್ಷನ್ ಕಾಯಿದೆಯ 11ನೇ ಕಲಮಿನ ಪ್ರಕಾರ ಸಾಲಗಾರನ ಪೆನ್ಷನ್ನನ್ನು ಜಪ್ತಿ ಮಾಡುವಂತಿಲ್ಲ. 12ನೇ ಕಲಮಿನ ಪ್ರಕಾರ ಮುಂದೆ ಬರಬೇಕಾದ ಪೆನ್ಷನ್ನನ್ನು ಇನ್ನೊಬ್ಬರಿಗೆ ಬರೆದುಕೊಟ್ಟ ಪತ್ರ ಅಸಿಂಧು. ಬ್ರಿಟಿಷರ ಕಾಲದ ಈ ಕಾಯಿದೆ ಇವತ್ತಿಗೂ ನಿಮ್ಮ ಪರ ನಿಂತಿದೆ. ಚೀಟಿ ಇಟ್ಟುಕೊಂಡವನ ಹತ್ತಿರ ಹೋಗಿ ಧೈರ್ಯವಾಗಿ ಕೇಳಿ. ಒಬ್ಬರೇ ಹೋಗಬೇಡಿ, ಹತ್ತು ಜನ ಹೋಗಿ.

ಸಂಘದ ಕಡೆಯಿಂದ ನಾವು ಕೇಳಬೇಕಾದದ್ದು ಎರಡು. ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಮಾಜಿ ಸೈನಿಕರ, ಅವರ ವಿಧವೆಯರ ಪಟ್ಟಿ ಇಡಬೇಕು. ಚೀಟಿ ಕೊಡುವ ಅಧಿಕಾರಿಗಳು ನಿಗದಿಯಾದ ದಿನ ತಾಲ್ಲೂಕು ಕೇಂದ್ರಕ್ಕೆ ಬಂದು ಅರ್ಜಿ ತೆಗೆದುಕೊಳ್ಳಬೇಕು. ಕೂಲಿ ಬಿಟ್ಟು, ಹಾಲು ಕರೆಯೋದು ಬಿಟ್ಟು ಮುದುಕಿ ಎಷ್ಟು ಸಲ ಬಸ್ಸು ಹತ್ತಬೇಕು?

ಇವತ್ತು ಮನೆಗೆ ಹೋದವರು ಟ್ರಂಕು ತೆಗೆದು ಆ ಕಾಗದಗಳನ್ನು ನೋಡಿ. ಹೆಸರು ತಪ್ಪಿದ್ದರೆ ಬರೆದುಕೊಂಡು ಮುಂದಿನ ಸಭೆಗೆ ತನ್ನಿ. ಎಲ್ಲರೂ ಒಟ್ಟಿಗೆ ಹೋಗಿ ಅರ್ಜಿ ಕೊಡೋಣ.